‘ಅಪ್ರಾಕ್ಸಿಮೇಟ್ಲಿ’ ಬರೆಯುವ ಮೊದಲು: ಸುಮಾರು ಲೆಕ್ಕವನ್ನು ಇಂಗ್ಲಿಷಿಗೆ ದಾಟಿಸುವ ಬಗೆ

ಕಳೆದ ವರ್ಷ ಆಟಿಯ, ಅಂದರೆ ತುಳುವರ ಮಳೆಗಾಲದ ತಿಂಗಳ, ಒಂದು ಸಂಜೆ ಅಡುಗೆಯ ಭಟ್ಟರೊಬ್ಬರು ಒದ್ದೆ ಕೊಡೆಯನ್ನು ನನ್ನ ಅಂಗಡಿಯ ಬಾಗಿಲಿಗೆ ಒರಗಿಸಿ ಒಳಗೆ ಬಂದರು. ಉಡುಪಿಯಲ್ಲಿ ನನ್ನದು ಟೈಪಿಂಗ್, ಜೆರಾಕ್ಸ್ ಮತ್ತು ಇಂಗ್ಲಿಷ್ ಪತ್ರ ಬರೆದುಕೊಡುವ ಅಂಗಡಿ. ಭಟ್ಟರ ಕೈಯಲ್ಲಿ ಒಂದು ಮೇಲ್‌ನ ಪ್ರಿಂಟ್ ಇತ್ತು. ಒಂದು ಕಚೇರಿಯವರು ‘ಆಟಿಡೊಂಜಿ ದಿನ’ (ಆಟಿಯಲ್ಲೊಂದು ದಿನ) ಎಂಬ ಕೂಟದ ಊಟದ ಕೆಲಸವನ್ನು ಅವರಿಗೆ ಒಪ್ಪಿಸಿದ್ದರು. ಎಷ್ಟು ಜನ ಎಂಬಲ್ಲಿ ‘ಅಪ್ರಾಕ್ಸಿಮೇಟ್ಲಿ 200 ಪರ್ಸನ್ಸ್’ ಎಂದಿತ್ತು. ಭಟ್ಟರು ಅದನ್ನು ಸುಮಾರು ಇನ್ನೂರು ಎಂದು ಸರಿಯಾಗಿಯೇ ಓದಿಕೊಂಡು, ತಮ್ಮ ವಾಡಿಕೆಯಂತೆ ಇಪ್ಪತ್ತು ಎಲೆ ಹೆಚ್ಚಿಗೆ ಹಿಡಿದು ಅಡುಗೆ ಮಾಡಿದ್ದರು. ಊಟಕ್ಕೆ ಕುಳಿತವರು ಇನ್ನೂರ ಅರವತ್ತೊಂದು ಮಂದಿ.

ಅನ್ನ, ಸಾರು ಹೇಗೋ ಹೊಂದಿಸಬಹುದು. ಪತ್ರೊಡೆಯನ್ನು ಹೊಂದಿಸುವುದು ಹೇಗೆ? ಅಕ್ಕಿ ನೆನೆಯಬೇಕು, ಮಸಾಲೆ ಕೂಡಿಸಿ ರುಬ್ಬಬೇಕು, ಕೆಸುವಿನ ಎಲೆಗಳಿಗೆ ಹಚ್ಚಿ ಒಂದರ ಮೇಲೊಂದಿಟ್ಟು ಸುರುಳಿ ಸುತ್ತಬೇಕು, ಆಮೇಲೆ ಹಬೆಯಲ್ಲಿ ಗಂಟೆಗಟ್ಟಲೆ ಅಲ್ಲದಿದ್ದರೂ ಗಂಟೆಯ ಹತ್ತಿರವಾದರೂ ಬೇಯಬೇಕು. ಕೊನೆಯ ಪಂಕ್ತಿಯವರಿಗೆ ಸಿಕ್ಕಿದ್ದು ಅದರ ಪರಿಮಳ ಮಾತ್ರ. ಊಟ ಸಾಲಲಿಲ್ಲವೆಂದು ಕಚೇರಿಯವರು ಬಿಲ್ಲಿನಲ್ಲಿ ಕಡಿತ ಮಾಡಿದರು. ಕೇಳಿದ್ದಕ್ಕೆ, “ನಾವು ಅಪ್ರಾಕ್ಸಿಮೇಟ್ಲಿ ಎಂದು ಬರೆದಿದ್ದೆವಲ್ಲ” ಎಂಬ ಉತ್ತರ.

“ಮಾರಾಯರೇ, ಇನ್ನೂರ ಅರವತ್ತೊಂದು ಸುಮಾರು ಇನ್ನೂರು ಹೇಗಾಗುತ್ತದೆ?” ಎಂದು ಭಟ್ಟರು ಕೇಳಿದರು.

ಆಗುವುದಿಲ್ಲ. ಆದರೆ ನಮ್ಮಲ್ಲಿ ಈ ಪದವನ್ನು ಮಳೆಗಾಲದ ಕೊಡೆಯಂತೆ ಬಳಸುವವರೇ ಹೆಚ್ಚು. ಬಿಡಿಸಿ ಹಿಡಿದರೆ ಸಾಕು, ಯಾವ ಪ್ರಶ್ನೆಯ ಹನಿಯೂ ಮೈಮೇಲೆ ಬೀಳಬಾರದು. ಇಂಗ್ಲಿಷಿನಲ್ಲಿ ಅದರ ಕೆಲಸ ಬೇರೆ. ‘ಅಪ್ರಾಕ್ಸಿಮೇಟ್ಲಿ 200’ ಎಂದು ಬರೆದವನು ‘ನಿಜವಾದ ಸಂಖ್ಯೆ ಇನ್ನೂರರ ಹತ್ತಿರವೇ ಇದೆ’ ಎಂದು ಮಾತು ಕೊಟ್ಟಿರುತ್ತಾನೆ. ಎಷ್ಟು ಹತ್ತಿರ ಎಂಬುದು ಅವನಿಗಾದರೂ ಗೊತ್ತಿರಬೇಕು. ಅರ್ಜಿ, ಮೇಲ್, ಕೊಟೇಶನ್, ಬಯೋಡೇಟಾ ಬರೆಯುವವರಿಗೆ ನೆರವಾಗಲಿ ಎಂದು, ಮೇಜಿನ ಈಚೆ ಕುಳಿತು ಕಂಡದ್ದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಪದದೊಳಗಿನ ‘ಹತ್ತಿರ’ವನ್ನು ಗುರುತಿಸಿ

ಈ ಪದದ ಹೊಟ್ಟೆಯಲ್ಲಿ ಒಂದು ಲ್ಯಾಟಿನ್ ಪದವಿದೆ: ಪ್ರಾಕ್ಸಿಮಸ್, ಅಂದರೆ ಅತ್ಯಂತ ಹತ್ತಿರದ. ಇದರ ಒಡಹುಟ್ಟು ನಿಮ್ಮ ಮೊಬೈಲ್‌ನಲ್ಲೇ ಇದೆ. ಕರೆ ಬಂದಾಗ ಫೋನನ್ನು ಕಿವಿಗಿಟ್ಟರೆ ಪರದೆ ತಾನಾಗಿ ಆರುತ್ತದಲ್ಲ, ಆ ಕೆಲಸ ಮಾಡುವುದು ಪ್ರಾಕ್ಸಿಮಿಟಿ ಸೆನ್ಸರ್. ಕೆನ್ನೆ ಹತ್ತಿರ ಬಂದಿದೆ ಎಂದು ಅದಕ್ಕೆ ತಿಳಿಯುತ್ತದೆ. ಕಾಲೇಜಿನ ಹಾಜರಿಯಲ್ಲಿ ಗೆಳೆಯನ ಪರವಾಗಿ ಕೂಗುವ ‘ಪ್ರಾಕ್ಸಿ’ ಮಾತ್ರ ಈ ಮನೆತನದ್ದಲ್ಲ; ಕೇಳಲು ಹಾಗೆನಿಸಿದರೂ ಅದರ ಮೂಲ ಬೇರೆ.

ನಮಗೆ ಈ ಯೋಚನೆ ಹೊಸದೇನಲ್ಲ. ಕ್ರಿ.ಶ. 499ರಲ್ಲಿ ಆರ್ಯಭಟ ವೃತ್ತದ ಸುತ್ತಳತೆಯನ್ನು ಹೇಳುವಾಗ, 20,000 ವ್ಯಾಸಕ್ಕೆ 62,832 ಸುತ್ತಳತೆ ಎಂದು ಲೆಕ್ಕ ಕೊಟ್ಟು, ಅದರ ಜೊತೆಗೆ ‘ಆಸನ್ನ’ ಎಂಬ ಪದವನ್ನೂ ಇಟ್ಟ. ಆಸನ್ನ ಎಂದರೆ ಹತ್ತಿರದ್ದು. ಭಾಗಿಸಿ ನೋಡಿ, 3.1416 ಬರುತ್ತದೆ. ದಶಾಂಶದ ನಾಲ್ಕನೆಯ ಸ್ಥಾನದವರೆಗೆ ಸರಿಯಿದ್ದರೂ ಇದು ಪೂರ್ತಿ ನಿಖರವಲ್ಲ ಎಂದು ಅವನು ಹೇಳಿಬಿಟ್ಟ. ಅಪ್ರಾಕ್ಸಿಮೇಟ್ಲಿ ಎಂಬುದನ್ನು ಎಷ್ಟು ಮರ್ಯಾದೆಯಿಂದ ಬಳಸಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಮನೆಮಾತಿನಲ್ಲಿ ನಾವೂ ‘ಹತ್ತಿರ ಹತ್ತಿರ ನೂರು’ ಎನ್ನುತ್ತೇವೆ. ಬರೆಯುವ ಮುನ್ನ ನಿಮ್ಮ ವಾಕ್ಯದಲ್ಲಿ ‘ಹತ್ತಿರ ಹತ್ತಿರ’ ಎಂದು ಹಾಕಿ ಓದಿ ನೋಡಿ. ಹೊಂದಿದರೆ ಅಪ್ರಾಕ್ಸಿಮೇಟ್ಲಿಯೂ ಬಹುಮಟ್ಟಿಗೆ ಹೊಂದುತ್ತದೆ.

ಎರಡನೆಯ ಹೆಜ್ಜೆ: ನಿಮ್ಮ ‘ಸುಮಾರು’ ಯಾವ ಸುಮಾರು?

ನನ್ನ ಅಂಗಡಿಗೆ ಬರುವ ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಯೇ. ಶಾಲೆಯಲ್ಲಿ ‘ಅಪ್ರಾಕ್ಸಿಮೇಟ್ಲಿ ಎಂದರೆ ಸುಮಾರು’ ಎಂದು ಬಾಯಿಪಾಠ ಮಾಡಿಸಿದ್ದಾರೆ. ಅದು ಸರಿ. ತಿರುಗಿಸಿ ‘ಸುಮಾರು ಎಂದರೆ ಅಪ್ರಾಕ್ಸಿಮೇಟ್ಲಿ’ ಎಂದು ಹಿಡಿದರೆ ಮೂರರಲ್ಲಿ ಎರಡು ಸಲ ಎಡವುತ್ತೀರಿ, ಏಕೆಂದರೆ ನಮ್ಮ ಸುಮಾರು ಮೂರು ಕೆಲಸ ಮಾಡುವ ಆಳು.

‘ಮಂಗಳೂರಿನಿಂದ ಉಡುಪಿಗೆ ಸುಮಾರು 60 ಕಿಲೋಮೀಟರ್’ ಎನ್ನುವಾಗ ಅದು ಅಳತೆಯ ಹತ್ತಿರ ನಿಲ್ಲುತ್ತದೆ. ಇದಕ್ಕೆ ಅಪ್ರಾಕ್ಸಿಮೇಟ್ಲಿ ಸರಿ.

‘ಪಂಪ್‌ವೆಲ್‌ನಲ್ಲಿ ಸುಮಾರು ಹೊತ್ತು ಬಸ್ಸಿಗೆ ಕಾದೆ’ ಎನ್ನುವಾಗ ಅದಕ್ಕೆ ‘ಬಹಳ’ ಎಂಬ ಅರ್ಥ. ಹತ್ತಿರ ನಿಲ್ಲಲು ಅಲ್ಲಿ ಸಂಖ್ಯೆಯೇ ಇಲ್ಲ. ‘ಅಪ್ರಾಕ್ಸಿಮೇಟ್ಲಿ ಟೈಮ್’ ಎಂದು ಬರೆದರೆ ಇಂಗ್ಲಿಷಿನವನು ಯಾವ ಟೈಮ್ ಎಂದು ಕಾಯುತ್ತಲೇ ಇರುತ್ತಾನೆ. ಅಲ್ಲಿ ಬೇಕಾದದ್ದು ‘ಕ್ವೈಟ್ ಎ ಲಾಂಗ್ ಟೈಮ್’. ‘ಸುಮಾರು ಜನ ಬಂದಿದ್ದರು’ ಎಂಬುದಕ್ಕೆ ‘ಕ್ವೈಟ್ ಎ ಫ್ಯೂ’ ಅಥವಾ ‘ಎ ಗುಡ್ ನಂಬರ್ ಆಫ್’. ಇದರಲ್ಲಿ ‘ಕ್ವೈಟ್ ಎ ಫ್ಯೂ’ ಎಂಬುದು ಕೇಳಲು ಸ್ವಲ್ಪ ಎಂಬಂತಿದ್ದರೂ ಅರ್ಥ ಸಾಕಷ್ಟು ಎಂದೇ. ನಮ್ಮ ಸುಮಾರಿನಷ್ಟೇ ಇದೂ ತುಂಟ.

‘ಊಟ ಸುಮಾರು, ಕೋಣೆಯೂ ಸುಮಾರು’ ಎನ್ನುವಾಗ ಅರ್ಥ ಮತ್ತೆ ಬೇರೆ: ಅಷ್ಟಕ್ಕಷ್ಟೇ, ಹೇಳಿಕೊಳ್ಳುವ ಹಾಗಿಲ್ಲ. ಮಲ್ಪೆ ಕಡಲತೀರದ ಹತ್ತಿರ ಉಳಿದುಕೊಂಡಿದ್ದ ಒಬ್ಬರು ತಮ್ಮ ಅಭಿಪ್ರಾಯವನ್ನು ಇಂಗ್ಲಿಷಿನಲ್ಲಿ ಹಾಕಿಸಲು ಬಂದರು. ಅವರೇ ಬರೆದುಕೊಂಡು ಬಂದ ಕರಡಿನಲ್ಲಿ ‘ಫುಡ್ ವಾಸ್ ಅಪ್ರಾಕ್ಸಿಮೇಟ್’ ಎಂದಿತ್ತು. ಯೋಚಿಸಿದರೆ ಅದರಲ್ಲೂ ಒಂದು ಸತ್ಯ ಇಲ್ಲದಿಲ್ಲ. ಊಟಕ್ಕೆ ಹತ್ತಿರದ ಏನನ್ನೋ ಬಡಿಸಿದ್ದರು ಎಂದು ತಿಳಿಯಬಹುದು. ಆದರೆ ಅವರಿಗೆ ಬೇಕಿದ್ದದ್ದು ‘ಸೋ-ಸೋ’ ಅಥವಾ ‘ಆವರೇಜ್’.

ಒಂದು ಸಣ್ಣ ವಿನೋದ: ಸುಮಾರು ಎಂಬುದು ಪಾರಸಿಯಿಂದ ಬಂದ ಪದ, ಅಲ್ಲಿ ಅದರ ಅರ್ಥ ಎಣಿಕೆ. ಅಂದಾಜು ಕೂಡ ಪಾರಸಿ ಮೂಲದ್ದೇ. ಎಣಿಸು ಎಂದು ಹೊರಟ ಪದ ನಮ್ಮಲ್ಲಿಗೆ ಬಂದು ಎಣಿಸುವುದನ್ನೇ ಬಿಟ್ಟಿತು.

ಮೂರನೆಯ ಹೆಜ್ಜೆ: ಅಳೆಯಬಹುದಾದ್ದೇ, ಹೌದಾದರೆ ಅಳೆದಾಗಿದೆಯೇ?

ಅಪ್ರಾಕ್ಸಿಮೇಟ್ಲಿಗೆ ಮುಂದೆ ಒಂದು ಅಂಕಿ ಬೇಕು, ಇಲ್ಲವೇ ಅಳತೆಯನ್ನು ಒಳಗಿಟ್ಟುಕೊಂಡ ಮಾತು ಬೇಕು. ‘ಅರ್ಧದಷ್ಟು’, ‘ಅದೇ ಗಾತ್ರದ’ ಎಂಬಂಥವು ನಡೆಯುತ್ತವೆ. ‘ಕೆಲಸ ಸುಮಾರಾಗಿ ಮುಗಿದಿದೆ’ ಎಂಬುದಕ್ಕೆ ಇದನ್ನು ಹಾಕಬೇಡಿ, ಅಲ್ಲಿ ‘ಆಲ್ಮೋಸ್ಟ್’ ಬೇಕು. ‘ಎಲ್ಲರೂ’, ‘ಯಾರೂ ಇಲ್ಲ’ ಎಂಬುದಕ್ಕೂ ಹಾಗೆಯೇ.

ಕೈಬೆರಳಲ್ಲಿ ಎಣಿಸಿ ಮುಗಿಸಬಹುದಾದ್ದಕ್ಕೂ ಬೇಡ. ‘ಅಪ್ರಾಕ್ಸಿಮೇಟ್ಲಿ ಮೂರು ಮಕ್ಕಳು’ ಎಂದು ಬರೆದ ತಂದೆಯನ್ನು ಓದುಗ ಬೇರೆ ಕಣ್ಣಿನಿಂದ ನೋಡುತ್ತಾನೆ.

ಖಚಿತವಾಗಿ ಗೊತ್ತಿರುವುದನ್ನು ವಿನಯಕ್ಕಾಗಿ ಮಬ್ಬು ಮಾಡುವ ಅಭ್ಯಾಸವೂ ನಮ್ಮಲ್ಲಿದೆ. ಉಡುಪಿಯ ಪರ್ಯಾಯ, ಅಂದರೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ದಾಟುವ ಉತ್ಸವ, ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುತ್ತದೆ. ಆ ದಿನಾಂಕದ ಹಿಂದೆ ಅಪ್ರಾಕ್ಸಿಮೇಟ್ಲಿ ಹಾಕಿದರೆ ಅದು ತಪ್ಪು ಮಾಹಿತಿ. ಅದೇ ದಿನ ರಥಬೀದಿಯಲ್ಲಿ ಸೇರಿದ ಜನರ ಸಂಖ್ಯೆಗೆ ಅದನ್ನು ಹಾಕದೆ ಬಿಟ್ಟರೆ ಅದೂ ತಪ್ಪೇ. ಕಾರ್ಕಳದ ಗೊಮ್ಮಟ 1432ರಲ್ಲಿ ನಿಂತದ್ದು, ವರ್ಷ ಖಚಿತ. ಎತ್ತರ ಸುಮಾರು 42 ಅಡಿ. ಇಲ್ಲಿ ಪದ ಬೇಕು. ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್‌ನಿಂದ ಹೊರಬಂದದ್ದು 1894ರಲ್ಲಿ, ಇದೂ ಖಚಿತ. ಅದರಲ್ಲಿರುವ ಪದಗಳು ಸುಮಾರು 70,000. ಒಂದೇ ವಾಕ್ಯದಲ್ಲಿ ಒಂದು ಅಂಕಿಗೆ ಪದವನ್ನು ಹಚ್ಚಿ ಇನ್ನೊಂದನ್ನು ಬರಿದಾಗಿ ಬಿಡುವ ಧೈರ್ಯ ಬಂದರೆ ನಿಮ್ಮ ಇಂಗ್ಲಿಷ್ ಅರ್ಧ ಸುಧಾರಿಸಿದ ಹಾಗೆ. ವರ್ಷವೇ ಗೊತ್ತಿಲ್ಲದ ಹಳೆಯ ಸಂಗತಿಗಳಿಗೆ ಬೇರೆ ಪದವೇ ಇದೆ: ‘ಸರ್ಕಾ’. ಇತಿಹಾಸದ ಬರವಣಿಗೆಯಲ್ಲಿ ಅದನ್ನು ಒಂದೇ ಅಕ್ಷರಕ್ಕೆ ಇಳಿಸಿ ವರ್ಷದ ಹಿಂದೆ ಇಡುತ್ತಾರೆ. ಅರ್ಜಿಯಲ್ಲಿ ನಿಮ್ಮ ಹುಟ್ಟಿದ ವರ್ಷದ ಹಿಂದೆ ಅದನ್ನು ಇಡಬೇಡಿ, ಶಾಸನ ಎಂದುಕೊಂಡಾರು.

ನಾಲ್ಕನೆಯ ಹೆಜ್ಜೆ: ಅಂಕಿಯ ಬಾಲವನ್ನು ಕತ್ತರಿಸಿ

ಒಬ್ಬರು ಐದು ಸೆಂಟ್ಸ್ ಜಾಗ ಮಾರುವವರು. ಇಂಗ್ಲಿಷಿನಲ್ಲಿ ಒಂದು ಜಾಹೀರಾತು ಬೇಕಿತ್ತು. ಕೊಳ್ಳುವವರು ಮುಂಬೈಯವರೋ ದುಬೈಯವರೋ ಆಗಬಹುದು, ಅವರಿಗೆ ಸೆಂಟ್ಸ್ ಲೆಕ್ಕ ಗೊತ್ತಿರುವುದಿಲ್ಲ ಎಂಬ ಯೋಚನೆ. ಒಂದು ಸೆಂಟ್ ಎಂದರೆ ಎಕರೆಯ ನೂರರಲ್ಲೊಂದು ಭಾಗ, 435.6 ಚದರಡಿ. ಐದಕ್ಕೆ ಗುಣಿಸಿದರೆ 2,178. ಅವರು ಅದನ್ನು ‘ಅಪ್ರಾಕ್ಸಿಮೇಟ್ಲಿ 2,178 ಚದರಡಿ’ ಎಂದು ಬರೆದಿದ್ದರು.

ಇದರಲ್ಲಿ ಎರಡು ಧ್ವನಿಗಳು ಒಟ್ಟಿಗೆ ಮಾತನಾಡುತ್ತಿವೆ. ಪದ ‘ನನಗೆ ನಿಖರವಾಗಿ ಗೊತ್ತಿಲ್ಲ’ ಎನ್ನುತ್ತಿದೆ, ಅಂಕಿ ‘ಕೊನೆಯ ಎಂಟು ಅಡಿಯೂ ಗೊತ್ತು’ ಎನ್ನುತ್ತಿದೆ. ಓದುವವನು ಯಾರನ್ನು ನಂಬಬೇಕು? ಅಳತೆ ಖಚಿತವಿದ್ದರೆ 2,178 ಎಂದು ಸುಮ್ಮನೆ ಬರೆಯಿರಿ. ಇಲ್ಲವಾದರೆ ‘ಅಪ್ರಾಕ್ಸಿಮೇಟ್ಲಿ 2,200’ ಎನ್ನಿ. ಈ ಪದದ ಮುಂದೆ ಬರುವ ಅಂಕಿ ಸೊನ್ನೆಯಲ್ಲೋ ಐದರಲ್ಲೋ ಮುಗಿಯಲಿ ಎಂಬುದು ನಾನು ಹುಡುಗರಿಗೆ ಹೇಳುವ ಒರಟು ನಿಯಮ. ಒರಟು ಎಂದದ್ದು ಏಕೆಂದರೆ 42 ಅಡಿಯ ಗೊಮ್ಮಟ ಈಗಾಗಲೇ ಅದನ್ನು ಮುರಿದು ನಿಂತಿದ್ದಾನೆ. ಸಣ್ಣ ಅಳತೆಗಳಲ್ಲಿ ಒಂದೊಂದು ಅಡಿಗೂ ಬೆಲೆಯಿದೆ. ಸಾವಿರ ದಾಟಿದ ಮೇಲೆ ಬಾಲ ಇಟ್ಟುಕೊಳ್ಳುವುದು ಶೋಭಿಸುವುದಿಲ್ಲ.

ಜಾಗದ ವಿಷಯ ಬಂದದ್ದಕ್ಕೆ ಒಂದು ಎಚ್ಚರಿಕೆ. ಜಾಹೀರಾತಿನ ಮಾತು ಬೇರೆ, ಕ್ರಯಪತ್ರದ ಮಾತು ಬೇರೆ. ಇಂಗ್ಲಿಷ್ ಕ್ರಯಪತ್ರಗಳ ಷೆಡ್ಯೂಲಿನಲ್ಲಿ, ಅಂದರೆ ಆಸ್ತಿಯ ವಿವರವಿರುವ ಭಾಗದಲ್ಲಿ, ‘ಮೋರ್ ಆರ್ ಲೆಸ್’ ಎಂದು ಕಂಡರೆ ಅದನ್ನು ನಿಮ್ಮ ಜಾಣ್ಮೆಯಿಂದ ತಿದ್ದಬೇಡಿ. ಅದು ವಕೀಲರ ಮಾತು, ಅವರನ್ನೇ ಕೇಳಿ.

ಐದನೆಯ ಹೆಜ್ಜೆ: ನಿಜವಾದ ಸಂಖ್ಯೆ ಆಚೆಗಿದೆಯೋ ಈಚೆಗಿದೆಯೋ?

ಅಪ್ರಾಕ್ಸಿಮೇಟ್ಲಿ ಎರಡೂ ಕಡೆಗೆ ಬಾಗಿಲು ತೆರೆದಿಡುತ್ತದೆ. ಸ್ವಲ್ಪ ಹೆಚ್ಚಿರಬಹುದು, ಸ್ವಲ್ಪ ಕಡಿಮೆ ಇರಬಹುದು. ಯಾವ ಕಡೆ ಎಂದು ನಿಮಗೆ ಗೊತ್ತಿದ್ದರೆ ಬೇರೆ ಪದವನ್ನು ಆರಿಸಿ. ಒಂದು ಅಂಕಿಯನ್ನು ಹಿಡಿದು ನೋಡೋಣ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯ ಜನಸಂಖ್ಯೆ 11,77,361. ಇದನ್ನು ‘ಅಬೌಟ್ 11.8 ಲಕ್ಷ’ ಎನ್ನಬಹುದು. ‘ನಿಯರ್ಲಿ 12 ಲಕ್ಷ’ ಎನ್ನಬಹುದು, ಏಕೆಂದರೆ ಹನ್ನೆರಡನ್ನು ಇನ್ನೂ ಮುಟ್ಟಿಲ್ಲ. ‘ಓವರ್ 11.7 ಲಕ್ಷ’ ಎನ್ನಬಹುದು, ಅದನ್ನು ದಾಟಿದೆ. ‘ನಿಯರ್ಲಿ 11 ಲಕ್ಷ’ ಎಂದರೆ ತಪ್ಪು. ನಿಯರ್ಲಿ, ಆಲ್ಮೋಸ್ಟ್ ಎಂಬ ಎರಡು ಪದಗಳು ಯಾವಾಗಲೂ ಕೆಳಗಿನಿಂದ ಮೇಲೆ ನೋಡುತ್ತವೆ, ದಾಟಿದ ಗಡಿಯನ್ನು ತಿರುಗಿ ನೋಡುವುದಿಲ್ಲ. ನಮ್ಮವರು ಈ ಎರಡನ್ನು ಸುಮಾರು ಎಂಬ ಅರ್ಥದಲ್ಲಿ ಎರಡೂ ಕಡೆಗೆ ಎಳೆಯುತ್ತಾರೆ. ಅಭ್ಯಾಸಕ್ಕೆ ಪಕ್ಕದ ಜಿಲ್ಲೆಯನ್ನು ತೆಗೆದುಕೊಳ್ಳಿ: ಅದೇ ಜನಗಣತಿಯಲ್ಲಿ ದಕ್ಷಿಣ ಕನ್ನಡಕ್ಕೆ 20,89,649. ‘ಓವರ್ 20 ಲಕ್ಷ’, ‘ನಿಯರ್ಲಿ 21 ಲಕ್ಷ’ ಎರಡೂ ಸರಿ. ಓದುವವರು ಹೊರದೇಶದವರಾದರೆ ಲಕ್ಷ ಬಿಟ್ಟು ‘ಅಬೌಟ್ 2.1 ಮಿಲಿಯನ್’ ಎನ್ನಿ.

ಇಲ್ಲಿಂದ ಮುಂದೆ ಕನ್ನಡವೇ ನಿಮ್ಮ ಒಳ್ಳೆಯ ದಾರಿದೀಪ. ಮಬ್ಬು ಲೆಕ್ಕ ಹೇಳುವುದರಲ್ಲಿ ನಮ್ಮ ಭಾಷೆ ಇಂಗ್ಲಿಷಿಗೆ ಎಳ್ಳಷ್ಟೂ ಸೋಲುವುದಿಲ್ಲ. ಮನಸ್ಸಿನಲ್ಲಿ ಮೂಡಿದ ಕನ್ನಡ ಮಾತನ್ನೇ ಗಮನಿಸಿದರೆ ಇಂಗ್ಲಿಷ್ ಜೋಡಿ ತಾನಾಗಿ ಸಿಗುತ್ತದೆ.

‘ಒಂದಿಪ್ಪತ್ತು ಜನ ಇರಬಹುದು’ ಎನ್ನುತ್ತೇವೆ. ಆ ‘ಒಂದು’ ಎಣಿಕೆಯ ಒಂದಲ್ಲ. ಇಂಗ್ಲಿಷಿನಲ್ಲಿ ಅದೇ ಜಾಗದಲ್ಲಿ ‘ಸಮ್’ ಬರುತ್ತದೆ: ‘ಸಮ್ ಟ್ವೆಂಟಿ ಪೀಪಲ್’. ‘ಇಪ್ಪತ್ತರ ಆಸುಪಾಸು’ ಎಂದು ಸಂಖ್ಯೆಯ ನಂತರ ಬಾಲ ಹಚ್ಚಿದರೆ ಅಲ್ಲಿಯೂ ನಂತರವೇ: ‘ಟ್ವೆಂಟಿ ಆರ್ ಸೋ’. ‘ಇಪ್ಪತ್ತು ಚಿಲ್ಲರೆ’ ಎಂದರೆ ಇಪ್ಪತ್ತು ದಾಟಿದೆ, ಎಷ್ಟು ಎಂದು ಎಣಿಸಿಲ್ಲ, ಅದು ‘ಟ್ವೆಂಟಿ-ಆಡ್’. ಈ ನಡುವಿನ ಅಡ್ಡಗೆರೆಯನ್ನು ಮರೆಯಬೇಡಿ. ಗೆರೆಯಿಲ್ಲದೆ ‘ಟ್ವೆಂಟಿ ಆಡ್ ಪೀಪಲ್’ ಎಂದು ಬರೆದರೆ ಇಪ್ಪತ್ತು ಮಂದಿ ವಿಚಿತ್ರ ಸ್ವಭಾವದವರು ಎಂದಾಗುತ್ತದೆ. ಸಂಘದ ವಾರ್ಷಿಕ ವರದಿಯಲ್ಲಿ ಇದು ನಿಜವೂ ಇರಬಹುದು, ಆದರೂ ಬರೆಯುವುದು ತರವಲ್ಲ.

‘ಏನಿಲ್ಲವೆಂದರೂ ನೂರು’ ಎಂಬುದು ‘ಅಟ್ ಲೀಸ್ಟ್’, ‘ಹೆಚ್ಚೆಂದರೆ ನೂರು’ ಎಂಬುದು ‘ಅಟ್ ಮೋಸ್ಟ್’. ಇವು ಮಬ್ಬು ಪದಗಳಲ್ಲವೇ ಅಲ್ಲ, ಗಡಿ ಹಾಕುವ ಪದಗಳು. ‘ನಾಲ್ಕೈದು’, ‘ಐದಾರು’, ‘ಏಳೆಂಟು’ ಎಂಬ ಅವಳಿಗಳನ್ನು ‘ಫೋರ್ ಆರ್ ಫೈವ್’ ಎಂದು ಹಾಗೆಯೇ ದಾಟಿಸಬಹುದು. ಈ ಉತ್ಸಾಹದಲ್ಲಿ ‘ಹತ್ತಾರು’ ಎಂಬುದನ್ನು ‘ಟೆನ್ ಆರ್ ಸಿಕ್ಸ್’ ಎಂದು ಬರೆದ ಹುಡುಗನೊಬ್ಬ ನಮ್ಮಲ್ಲಿ ಕೆಲಸಕ್ಕಿದ್ದ. ಐದಾರರಲ್ಲಿ ಇರುವ ಆರು ನಿಜವಾದ ಆರು. ಹತ್ತಾರು, ನೂರಾರು, ಸಾವಿರಾರುಗಳಲ್ಲಿ ಇರುವುದು ಬರೀ ಬಾಲ. ಅವುಗಳಿಗೆ ‘ಡಜನ್ಸ್’, ‘ಹಂಡ್ರೆಡ್ಸ್’, ‘ಥೌಸಂಡ್ಸ್’ ಸಾಕು.

ಆರನೆಯ ಹೆಜ್ಜೆ: ಎಲ್ಲಿಡಬೇಕು, ಎಷ್ಟು ಸಲ ಇಡಬೇಕು

ಸಂಖ್ಯೆಯ ಮೊದಲು ಇಡಿ. ‘200 ಅಪ್ರಾಕ್ಸಿಮೇಟ್ಲಿ’ ಎಂದು ಹಿಂದೆ ತಳ್ಳುವುದು ನಮ್ಮ ಕಚೇರಿಗಳ ರೂಢಿ. ತಪ್ಪೆಂದು ಯಾರೂ ತಿದ್ದುವುದಿಲ್ಲ, ಆದರೆ ಮೊದಲು ಬಂದರೆ ಓದಲು ಹಗುರ.

ಒಂದೇ ಸಲ ಇಡಿ. ‘ಅಪ್ರಾಕ್ಸಿಮೇಟ್ಲಿ ಅರೌಂಡ್ 20–25 ಆರ್ ಸೋ’ ಎಂಬ ಸಾಲೊಂದು ನನ್ನ ಮೇಜಿಗೆ ಬಂದಿತ್ತು. ಎಣಿಸಿ: ಅಪ್ರಾಕ್ಸಿಮೇಟ್ಲಿ ಒಂದು, ಅರೌಂಡ್ ಎರಡು, ಇಪ್ಪತ್ತರಿಂದ ಇಪ್ಪತ್ತೈದು ಎಂಬ ಅಂತರವೇ ಮೂರನೆಯದು, ಆರ್ ಸೋ ನಾಲ್ಕನೆಯದು. ಒಂದು ತೆಂಗಿನಮರಕ್ಕೆ ನಾಲ್ಕು ಹಗ್ಗ ಕಟ್ಟಿ ಎಳೆದ ಹಾಗೆ. ‘20 ಟು 25’ ಎಂದರೆ ಮುಗಿಯಿತು. ಅಂತರ ಕೊಟ್ಟಾಗ ಮಬ್ಬು ಪದ ಬೇಡ, ಮಬ್ಬು ಪದ ಕೊಟ್ಟಾಗ ಅಂತರ ಬೇಡ. ‘ಎಸ್ಟಿಮೇಟೆಡ್’ ಎಂದಾದ ಮೇಲೂ ಅಪ್ರಾಕ್ಸಿಮೇಟ್ಲಿ ಬೇಡ.

ಏಳನೆಯ ಹೆಜ್ಜೆ: ಯಾರಿಗೆ ಬರೆಯುತ್ತಿದ್ದೀರಿ ಎಂದು ನೋಡಿ ಪದ ಆರಿಸಿ

ಅರ್ಥದಲ್ಲಿ ‘ಅಬೌಟ್’, ‘ಅರೌಂಡ್’, ‘ರಫ್ಲಿ’, ‘ಅಪ್ರಾಕ್ಸಿಮೇಟ್ಲಿ’ ಅಕ್ಕಪಕ್ಕದ ಮನೆಯವು. ಉಡುಪಿನಲ್ಲಿ ವ್ಯತ್ಯಾಸ. ಅಬೌಟ್ ಎಲ್ಲಿಗೂ ಹೋಗಬಲ್ಲ ಪಂಚೆ-ಅಂಗಿ. ಅರೌಂಡ್ ಮನೆಯ ಬಟ್ಟೆ. ರಫ್ಲಿ ಎಂದರೆ ಲೆಕ್ಕ ಇನ್ನಷ್ಟು ಒರಟು ಎಂಬ ಸೂಚನೆ. ಅಪ್ರಾಕ್ಸಿಮೇಟ್ಲಿ ಇಸ್ತ್ರಿ ಮಾಡಿದ್ದು. ವರದಿ, ಅರ್ಜಿ, ಪೊಲೀಸ್ ದೂರು, ವೈಜ್ಞಾನಿಕ ಬರಹಕ್ಕೆ ತಕ್ಕದ್ದು. ಗೆಳೆಯನಿಗೆ ವಾಟ್ಸ್ಆ್ಯಪ್‌ನಲ್ಲಿ ‘ನಾನು ಅಪ್ರಾಕ್ಸಿಮೇಟ್ಲಿ ಐದು ಗಂಟೆಗೆ ಬರುತ್ತೇನೆ’ ಎಂದು ಇಂಗ್ಲಿಷಿನಲ್ಲಿ ಕಳುಹಿಸಿದರೆ ಅವನು ಎದ್ದು ನಿಲ್ಲಬೇಕೋ ಏನೋ. ಮಾತಿನಲ್ಲಿ ‘ಅರೌಂಡ್ ಫೈವ್’ ಸಾಕು. ತುಳುವಿನ ‘ಇತ್ತೆ ಬರ್ಪೆ’ಗೆ, ಅಂದರೆ ‘ಈಗ ಬರುತ್ತೇನೆ’ಗೆ, ಇಂಗ್ಲಿಷಿನಲ್ಲಿ ಇದುವರೆಗೆ ಸಮ ಪದ ಹುಟ್ಟಿಲ್ಲ, ಅದರಲ್ಲಿನ ‘ಈಗ’ ಅರ್ಧ ಗಂಟೆಯೂ ಆಗಬಹುದು.

ಹೊತ್ತಿನ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ‘ಹತ್ತು ಗಂಟೆಯ ಸುಮಾರಿಗೆ’ ಎಂದರೆ ‘ಅರೌಂಡ್ ಟೆನ್’. ‘ಹತ್ತು ಗಂಟೆಯೊಳಗೆ’ ಎಂದರೆ ‘ಬೈ ಟೆನ್’. ಎರಡನೆಯದರಲ್ಲಿ ಹತ್ತೂ ಐದಕ್ಕೆ ಹೋದರೆ ತಡವಾದಂತೆ. ಕೆಲಸದ ಸಂದರ್ಶನಕ್ಕೆ ಹೋಗುವ ಮಕ್ಕಳು ಈ ಒಂದಕ್ಷರವನ್ನು ಎರಡು ಸಲ ಓದಿಕೊಳ್ಳಲಿ.

‘ಅಪ್ರಾಕ್ಸ್’ ಎಂಬ ಮೊಟಕು ರೂಪ ಪಟ್ಟಿ, ಕೋಷ್ಟಕ, ಬಿಲ್ಲಿನ ಅಂಚಿಗೆ. ಪತ್ರದ ವಾಕ್ಯದ ನಡುವೆ ಪೂರ್ತಿ ಬರೆಯಿರಿ. ಇಂಗ್ಲಿಷ್ ಅಕ್ಷರಗಳು ಹದಿಮೂರು: ಎ, ಪಿ, ಪಿ, ಆರ್, ಓ, ಎಕ್ಸ್, ಐ, ಎಂ, ಎ, ಟಿ, ಇ, ಎಲ್, ವೈ. ಪಿ ಎರಡು ಎಂಬುದನ್ನೂ ಎಲ್‌ಗಿಂತ ಮೊದಲು ಒಂದು ಇ ಇದೆ ಎಂಬುದನ್ನೂ ನೆನಪಿಟ್ಟರೆ ಉಳಿದದ್ದು ತಪ್ಪುವುದು ಕಡಿಮೆ. ಉಚ್ಚಾರಣೆಯಲ್ಲಿ ಒತ್ತು ‘ಪ್ರಾಕ್’ ಎಂಬಲ್ಲಿ. ಇಂಗ್ಲಿಷಿನವರು ಕೊನೆಯನ್ನು ‘ಮೇಟ್ಲಿ’ ಎಂದು ಎಳೆಯದೆ ‘ಮಟ್ಲಿ’ ಎಂದು ನುಂಗುತ್ತಾರೆ. ಕ್ರಿಯಾಪದವಾದಾಗ ಮಾತ್ರ ‘ಮೇಟ್’ ಎಂದು ತೆರೆಯುತ್ತಾರೆ. ಎಸ್ಟಿಮೇಟ್ ಎಂಬುದರಲ್ಲೂ ಇದೇ ಆಟ. ನಮ್ಮ ಪೇಟೆಯಲ್ಲಿ ಹಾಗೆ ಹೇಳಿದರೆ ಯಾರಿಗೂ ತಿಳಿಯುವುದಿಲ್ಲ, ಆದ್ದರಿಂದ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ.

ಎಂಟನೆಯ ಹೆಜ್ಜೆ: ದುಡ್ಡು, ಔಷಧ, ಕೆಲಸದ ಅನುಭವ

ಔಷಧದ ಪ್ರಮಾಣ ಬರೆಯುವಾಗ ಈ ಪದವನ್ನು ಕೋಣೆಯ ಹೊರಗಿಡಿ. ಇಷ್ಟೇ.

ಗಲ್ಫ್ ಕೆಲಸಕ್ಕೆ ಬಯೋಡೇಟಾ ಮಾಡಿಸಲು ಬರುವವರಲ್ಲಿ ಅನೇಕರು ‘ಅಪ್ರಾಕ್ಸಿಮೇಟ್ಲಿ 5 ವರ್ಷ ಅನುಭವ’ ಎಂದು ಹಾಕಿಸುತ್ತಾರೆ. ಅನುಭವದ ಪತ್ರದಲ್ಲಿ ದಿನಾಂಕಗಳಿರುವಾಗ ಅಂದಾಜು ಏಕೆ? ನಾಲ್ಕೂವರೆ ವರ್ಷವನ್ನು ಐದು ಮಾಡಲು ಹೊರಟಿದ್ದಾನೆ ಎಂದು ಓದುವವನಿಗೆ ಅನುಮಾನ ಬರುತ್ತದೆ. ‘5 ವರ್ಷ 4 ತಿಂಗಳು’ ಎಂದೋ ‘ಓವರ್ ಫೈವ್ ಇಯರ್ಸ್’ ಎಂದೋ ಬರೆದರೆ ಅದೇ ಸತ್ಯ ತಲೆಯೆತ್ತಿ ನಿಲ್ಲುತ್ತದೆ.

ಅಂದಾಜೇ ಪ್ರಾಮಾಣಿಕವಾದ ಜಾಗವೂ ಇದೆ. ಬಸ್ಸಿನಲ್ಲಿ ಸರ ಕಳೆದುಕೊಂಡ ಹೆಂಗಸರೊಬ್ಬರು ದೂರು ಬರೆಸಲು ಬಂದರು. ಮೂರು ಪವನಿನ ಸರ, ಹದಿನೈದು ವರ್ಷ ಮೈಮೇಲಿದ್ದು ಸವೆದದ್ದು. ಪವನಿಗೆ ಎಂಟು ಗ್ರಾಂ ಹಿಡಿದರೆ 24 ಗ್ರಾಂ, ಆದರೆ ಸವೆದದ್ದೆಷ್ಟು ಎಂದು ಯಾರಿಗೆ ಗೊತ್ತು? ಅಲ್ಲಿ ‘ಅಪ್ರಾಕ್ಸಿಮೇಟ್ ವೆಯ್ಟ್ 24 ಗ್ರಾಂ’ ಎಂದೇ ಹಾಕಿದೆ. ಗಮನಿಸಿ, ವೆಯ್ಟ್, ವ್ಯಾಲ್ಯೂ, ಕಾಸ್ಟ್‌ನಂತಹ ನಾಮಪದಕ್ಕಿಂತ ಮೊದಲು ಬಂದಾಗ ಕೊನೆಯ ‘ಲಿ’ ಬಿದ್ದುಹೋಗುತ್ತದೆ.

ಮೇಸ್ತ್ರಿಗಳು, ಬಡಗಿಗಳು, ಪೆಂಡಾಲಿನವರು ತಿಳಿದಿರಬೇಕಾದ್ದು ಎಸ್ಟಿಮೇಟ್ ಮತ್ತು ಕೊಟೇಶನ್‌ಗಳ ಅಂತರ. ಎಸ್ಟಿಮೇಟ್ ಎಂದರೆ ಇಷ್ಟಾಗಬಹುದು ಎಂಬ ಅಂದಾಜು. ಕೊಟೇಶನ್ ಎಂದರೆ ಇಷ್ಟಕ್ಕೆ ಮಾಡಿಕೊಡುತ್ತೇನೆ ಎಂಬ ದರ. ಕೊಟೇಶನ್ ಎಂದು ತಲೆಬರಹ ಕೊಟ್ಟು ಒಳಗೆಲ್ಲ ಅಪ್ರಾಕ್ಸಿಮೇಟ್ಲಿ ತುಂಬಿಸಿದರೆ ಮುಂದೆ ಜಗಳಕ್ಕೆ ಎರಡೂ ಕಡೆಯವರ ಹತ್ತಿರ ಸಾಕ್ಷಿ ಇರುತ್ತದೆ.

ಒಂಬತ್ತನೆಯ ಹೆಜ್ಜೆ: ‘ಎಷ್ಟು ಹತ್ತಿರ’ ಎಂಬುದನ್ನೂ ಬರೆದುಬಿಡಿ

ಭಟ್ಟರ ವಿಷಯಕ್ಕೆ ಬರುತ್ತೇನೆ. ಕಳೆದ ಬಾರಿಯ ಕಡಿತದ ದುಡ್ಡು ವಾಪಸು ಬರಲಿಲ್ಲ. ಈ ವರ್ಷ ಅದೇ ಕಚೇರಿಯವರು ಮತ್ತೆ ಕರೆದರು, ಪತ್ರೊಡೆ ಅಷ್ಟು ರುಚಿಯಾಗಿತ್ತು ಎಂದು ಮೊದಲ ಪಂಕ್ತಿಯವರು ಹೇಳಿದ್ದರಂತೆ. ಮತ್ತೆ ‘ಅಪ್ರಾಕ್ಸಿಮೇಟ್ಲಿ 200’. ಈ ಸಲ ಒಪ್ಪಿಕೊಳ್ಳುವ ಮೊದಲು ಭಟ್ಟರು ನನ್ನಲ್ಲಿಗೆ ಬಂದರು. ನಾವಿಬ್ಬರೂ ಕುಳಿತು ನಾಲ್ಕು ಸಾಲಿನ ಉತ್ತರ ಮಾಡಿದೆವು. ಅದರ ಸಾರ ಇಷ್ಟು:

ಊಟ 200 ಎಲೆಗೆ, ಹತ್ತು ಹೆಚ್ಚು ಅಥವಾ ಹತ್ತು ಕಡಿಮೆ. ಇಂಗ್ಲಿಷಿನಲ್ಲಿ ‘ಪ್ಲಸ್ ಆರ್ ಮೈನಸ್ 10’. ಬಂದವರು 190ಕ್ಕಿಂತ ಕಡಿಮೆಯಾದರೂ 190 ಎಲೆಯ ದುಡ್ಡು ಕೊಡಬೇಕು. 210 ದಾಟಿದರೆ ಅನ್ನ, ಸಾರು, ಪಲ್ಯ ಒದಗಿಸಲು ಯತ್ನಿಸುತ್ತೇವೆ, ಪತ್ರೊಡೆಯ ಹೊಣೆ ನಮ್ಮದಲ್ಲ. ಕೊನೆಯ ಸಂಖ್ಯೆಯನ್ನು ಎರಡು ದಿನ ಮೊದಲು ಸಂಜೆ ಐದರೊಳಗೆ ತಿಳಿಸಬೇಕು. ಇಲ್ಲಿ ‘ಅರೌಂಡ್’ ಹಾಕದೆ ‘ಬೈ’ ಎಂದೇ ಹಾಕಿದೆವು.

ಹತ್ತು ಎಂಬ ಅಂಕಿ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಹಬೆಪಾತ್ರೆಯ ಒಂದು ಅಟ್ಟದಲ್ಲಿ ಎಷ್ಟು ಸುರುಳಿ ಬೇಯುತ್ತದೆ, ಒಂದು ಸುರುಳಿಯನ್ನು ಎಷ್ಟು ತುಂಡು ಮಾಡಬಹುದು, ಬಡಿಸುವವನ ಕೈ ಎಷ್ಟು ಧಾರಾಳ ಎಂದು ಭಟ್ಟರು ಕಣ್ಣು ಮುಚ್ಚಿ ಬೆರಳು ಮಡಚಿ ಹೇಳಿದ ಲೆಕ್ಕ ಅದು. ಕಣ್ಣಂದಾಜೇ, ಆದರೆ ಅದರ ಗಡಿ ಅವರಿಗೆ ಗೊತ್ತಿತ್ತು. ನಿಮ್ಮ ಕಸುಬಿನಲ್ಲಿ ಆ ಗಡಿ ಎಷ್ಟು ಎಂಬುದನ್ನು ನೀವೇ ಹೇಳಬಲ್ಲಿರಿ. ಸಿಮೆಂಟ್ ಚೀಲಕ್ಕೆ ಒಂದು, ಬೈಂಡಿಂಗ್ ಪುಸ್ತಕಕ್ಕೆ ಇನ್ನೊಂದು.

ಪತ್ರ ಹೋಯಿತು. ಮೂರನೆಯ ದಿನ ಉತ್ತರ ಬಂತು. ಭಟ್ಟರು ಮೊಬೈಲ್ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು ನನ್ನ ಮೂಗಿನ ಮುಂದೆ ಹಿಡಿದರು. ಒಂದೇ ಸಾಲು: ‘205 ಕನ್ಫರ್ಮ್ಡ್’.

“ಖಚಿತ ಎಂದು ಬರೆದಿದ್ದಾರೆ ಭಟ್ಟರೇ, ಇನ್ನೇನು ಬೇಕು?” ಎಂದೆ.

ಅವರು ಕನ್ನಡಕ ಸರಿಪಡಿಸಿಕೊಂಡು ಆ ಸಾಲನ್ನು ಇನ್ನೊಮ್ಮೆ ಓದಿದರು.

“ಅದು ಸರಿ ಮಾರಾಯರೇ. ಈ ಕನ್ಫರ್ಮ್ಡ್ ಎಂದರೆ ಸುಮಾರು ಎಷ್ಟಾಗಬಹುದು?”